ರೆಸಿನ್ ಧೂಳಿಗೆ ಬೆಲ್ಲ ಮದ್ದೇ? ಟ್ಯಾಂಕ್ ಮಾಡೆಲ್ ಕಟ್ಟುವವರ ಮನೆಗೆ ಬರುವ ಫಾರ್ವರ್ಡ್‌ಗಳಲ್ಲಿ ನಿಜವೆಷ್ಟು, ಸುಳ್ಳೆಷ್ಟು

ಅರಸೀಕೆರೆ ತಾಲ್ಲೂಕಿನ ಗಂಡಸಿಯಿಂದ ಓದುಗರೊಬ್ಬರು ನಮಗೆ ಮೂರು ವಾಟ್ಸಾಪ್ ಸಂದೇಶಗಳನ್ನು ಕಳಿಸಿ, ಇವುಗಳಲ್ಲಿ ಯಾವುದು ನಿಜ ಎಂದು ಕೇಳಿದ್ದಾರೆ. ಪಿಯುಸಿ ಮುಗಿಸಿದ ಅವರ ಮಗ ರಜೆಯಲ್ಲಿ ಪ್ಲಾಸ್ಟಿಕ್ಕಿನ ಯುದ್ಧ ಟ್ಯಾಂಕ್ ಮಾಡೆಲ್ ಕಟ್ಟುತ್ತಿದ್ದಾನೆ. ಅದನ್ನು ಬೇರೆ ವಾಹನವಾಗಿ ಮಾರ್ಪಡಿಸಲು ರೆಸಿನ್ನಿನ ಕನ್ವರ್ಷನ್ ಕಿಟ್ ತರಿಸಿದ್ದಾನೆ. ಜಗಲಿಯಲ್ಲಿ ಕೂತು ಗರಗಸದಲ್ಲಿ ಕೊಯ್ದು, ಉಪ್ಪುಕಾಗದದಲ್ಲಿ ಉಜ್ಜುತ್ತಾನೆ. ಬಿಳಿ ಹುಡಿ ಮನೆಯೆಲ್ಲ ಹಾರುತ್ತದೆ.

ಮೊದಲ ಸಂದೇಶ ಹೇಳುವುದು ಹೀಗೆ: ಧೂಳಿನ ಕೆಲಸ ಮಾಡಿದ ಮೇಲೆ ಒಂದು ತುಂಡು ಬೆಲ್ಲ ತಿಂದರೆ ಶ್ವಾಸಕೋಶದಲ್ಲಿ ಕೂತ ಧೂಳೆಲ್ಲ ಇಳಿದುಹೋಗುತ್ತದೆ. ಎರಡನೆಯದು: ರೆಸಿನ್ನಿನಲ್ಲಿ ಭೋಪಾಲದಲ್ಲಿ ಜನರನ್ನು ಕೊಂದ ಅದೇ ವಿಷವಿದೆ, ಕೂಡಲೇ ಸುಟ್ಟುಬಿಡಿ. ಮೂರನೆಯದು ಒಂದು ವಿಡಿಯೊ: ಸೂಪರ್ ಗ್ಲೂಗೆ ಅಡುಗೆ ಸೋಡಾ ಹಾಕಿದರೆ ಕಲ್ಲಿನಂತಾಗುತ್ತದೆ, ಯಾವ ಮುರಿದ ವಸ್ತುವೂ ಕೂಡುತ್ತದೆ, ಮಕ್ಕಳೂ ಮಾಡಬಹುದು. ಮನೆಯ ಹಿರಿಯರು ಬೆಲ್ಲದ ಪರ. ತಾಯಿ ಕಿಟ್ಟನ್ನು ಬಚ್ಚಲ ಒಲೆಗೆ ಹಾಕುವ ಯೋಚನೆಯಲ್ಲಿದ್ದಾರೆ. ಹುಡುಗ ಸೋಡಾ ಡಬ್ಬಿ ಹುಡುಕುತ್ತಿದ್ದಾನೆ.

ಚಿಕ್ಕ ಉತ್ತರ ಮೊದಲು ಹೇಳಿಬಿಡುತ್ತೇವೆ. ಬೆಲ್ಲ ಶ್ವಾಸಕೋಶವನ್ನು ತೊಳೆಯುವುದಿಲ್ಲ. ಗಟ್ಟಿಯಾದ ರೆಸಿನ್ ಭೋಪಾಲದ ಅನಿಲವಲ್ಲ, ಆದರೆ ಅದರ ಧೂಳನ್ನು ಉಸಿರಾಡುವುದು ಒಳ್ಳೆಯದೂ ಅಲ್ಲ. ಸೋಡಾ ಹಾಕಿದ ಗ್ಲೂ ಕಲ್ಲಾಗುವುದು ನಿಜ, ಅದರ ಜೊತೆ ಬಿಸಿಯೂ ಹೊಗೆಯೂ ಬರುವುದು ನಿಜ. ಈ ಮೂರಕ್ಕಿಂತ ಹೆಚ್ಚಿನ ಅಪಾಯ ಇರುವುದು ಯಾವ ಸಂದೇಶವೂ ಎಚ್ಚರಿಸದ ಒಂದು ಕೆಲಸದಲ್ಲಿ, ಅಂದರೆ ರೆಸಿನ್ನನ್ನು ಒಲೆಗೆ ಹಾಕುವುದರಲ್ಲಿ. ಏಕೆ ಎಂದು ಒಂದೊಂದಾಗಿ ನೋಡೋಣ.

ಕನ್ವರ್ಷನ್ ಕಿಟ್ ಎಂದರೆ ಏನು?

ಸ್ಕೇಲ್ ಮಾಡೆಲ್ ಎಂದರೆ ನಿಜವಾದ ವಸ್ತುವನ್ನು ಒಂದು ನಿಗದಿತ ಲೆಕ್ಕದಲ್ಲಿ ಕುಗ್ಗಿಸಿ ಮಾಡಿದ ಪ್ರತಿರೂಪ. ಟ್ಯಾಂಕ್ ಮಾಡೆಲ್‌ಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಅಳತೆ 35ರಲ್ಲಿ 1. ಜಪಾನಿನ ತಮಿಯಾ ಕಂಪನಿ 1960ರ ದಶಕದ ಆರಂಭದಲ್ಲಿ ಮೋಟಾರು ಮತ್ತು ಬ್ಯಾಟರಿ ಒಳಗೆ ಹಿಡಿಸುವಂತೆ ಒಂದು ಜರ್ಮನ್ ಟ್ಯಾಂಕಿನ ಮಾಡೆಲ್ ಮಾಡಿತು. ಅದರ ಅಳತೆ ಹೆಚ್ಚುಕಡಿಮೆ 35ರಲ್ಲಿ 1 ಬಂತು. ಮುಂದೆ ಅದೇ ರೂಢಿಯಾಯಿತು.

ಈ ಲೆಕ್ಕದಲ್ಲಿ ನಮ್ಮ ಸೇನೆಯ ಟಿ-72 ಟ್ಯಾಂಕನ್ನು ನೋಡಿ. ಫಿರಂಗಿಯ ನಳಿಕೆ ಬಿಟ್ಟು ಅದರ ಒಡಲಿನ ಉದ್ದ ಸುಮಾರು 6.9 ಮೀಟರ್. 35ರಿಂದ ಭಾಗಿಸಿದರೆ ಸುಮಾರು 20 ಸೆಂಟಿಮೀಟರ್, ಅಂದರೆ ಮೇಜಿನ ಮೇಲೆ ಆರಾಮವಾಗಿ ಕೂರುವಷ್ಟು. ತೂಕದ ಲೆಕ್ಕ ಮಾತ್ರ ಬೇರೆ. ಉದ್ದ, ಅಗಲ, ಎತ್ತರ ಮೂರೂ 35 ಪಟ್ಟು ಕುಗ್ಗುವುದರಿಂದ ತೂಕ 35ನ್ನು ಮೂರು ಸಲ ಗುಣಿಸಿದಷ್ಟು, ಅಂದರೆ 42,875 ಪಟ್ಟು ಕಡಿಮೆಯಾಗುತ್ತದೆ. ಸುಮಾರು 41 ಟನ್ನಿನ ಟ್ಯಾಂಕನ್ನು ಅದೇ ಉಕ್ಕಿನಲ್ಲಿ, ಅದೇ ದಪ್ಪದ ಲೆಕ್ಕದಲ್ಲಿ ಕುಗ್ಗಿಸಿದರೂ ಅದು ಒಂದು ಕಿಲೋ ಸಕ್ಕರೆಯಷ್ಟೂ ತೂಗುವುದಿಲ್ಲ.

ಅಂಗಡಿಯಲ್ಲಿ ಸಿಗುವ ಸಾಮಾನ್ಯ ಕಿಟ್‌ಗಳ ಬಿಡಿಭಾಗಗಳು ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕಿನವು. ಆ ಕಿಟ್ಟಿನಲ್ಲಿ ಇಲ್ಲದ ಒಂದು ರೂಪ ಬೇಕೆಂದರೆ ಕೆಲವು ಭಾಗಗಳನ್ನು ತೆಗೆದು ಬೇರೆ ಭಾಗಗಳನ್ನು ಕೂಡಿಸಬೇಕು. ಆ ಬದಲಿ ಭಾಗಗಳ ಪೊಟ್ಟಣವೇ ಕನ್ವರ್ಷನ್ ಕಿಟ್.

ಇದಕ್ಕೆ ನಮ್ಮ ರಾಜ್ಯದಲ್ಲೇ ಒಳ್ಳೆಯ ಉದಾಹರಣೆ ಇದೆ. ಕೋಲಾರದ ಕೆಜಿಎಫ್‌ನಲ್ಲಿರುವ ಬಿಇಎಂಎಲ್ ಕಾರ್ಖಾನೆ ಸೇನೆಗಾಗಿ ರಿಕವರಿ ವಾಹನಗಳನ್ನು ತಯಾರಿಸಿದೆ. ರಣರಂಗದಲ್ಲಿ ಕೆಟ್ಟುನಿಂತ ಟ್ಯಾಂಕನ್ನು ಎಳೆದು ತರುವುದು ಅದರ ಕೆಲಸ. ಪೋಲೆಂಡಿನ ವಿನ್ಯಾಸದ ಈ ವಾಹನದ ಅಡಿಪಾಯ ಟಿ-72 ಟ್ಯಾಂಕೇ. ಫಿರಂಗಿ ಇರುವ ತಿರುಗುವ ಮೇಲ್ಭಾಗ, ಅಂದರೆ ಟರೆಟ್ ಇಲ್ಲ. ಅದರ ಬದಲು ಮೇಲೆ ಕ್ರೇನ್, ಮುಂದೆ ಮಣ್ಣು ತಳ್ಳುವ ಬ್ಲೇಡ್, ಒಳಗೆ ಹಗ್ಗ ಸುತ್ತುವ ವಿಂಚ್. ಮಾಡೆಲ್ ಮಾಡುವವನೂ ಮಾಡುವುದು ಇದನ್ನೇ. ಟಿ-72 ಕಿಟ್ಟಿನ ಗಾಲಿ, ಪಟ್ಟಿ, ಒಡಲು ಉಳಿಸಿಕೊಂಡು ಮೇಲಿನದನ್ನು ಬದಲಿಸುತ್ತಾನೆ.

ಟ್ಯಾಂಕಿನ ತಲೆ ತೆಗೆಯುವ ಕೆಲಸವನ್ನು ನಮ್ಮ ಸೈನಿಕರು ನಿಜವಾದ ಟ್ಯಾಂಕಿಗೂ ಮಾಡಿದ್ದಾರೆ. 1948ರ ಕಾಶ್ಮೀರ ಯುದ್ಧದಲ್ಲಿ ಕೊಡಗಿನ ಮೇಜರ್ ಜನರಲ್ ಕೆ.ಎಸ್. ತಿಮ್ಮಯ್ಯ ಅವರು ಸುಮಾರು 11,500 ಅಡಿ ಎತ್ತರದ ಜೋಜಿಲಾ ಕಣಿವೆಗೆ ಸ್ಟುವರ್ಟ್ ಎಂಬ ಹಗುರ ಟ್ಯಾಂಕುಗಳನ್ನು ಹತ್ತಿಸಿದರು. ಬರುತ್ತಿರುವುದು ಟ್ಯಾಂಕ್ ಎಂಬ ಗುಟ್ಟು ಹೊರಬೀಳದಂತೆ ಟರೆಟ್‌ಗಳನ್ನು ಕಳಚಿ ಸಾಗಿಸಲಾಯಿತು. ಹೇಸರಗತ್ತೆಯ ದಾರಿಯನ್ನು ಟ್ಯಾಂಕ್ ಹೋಗುವಷ್ಟು ಅಗಲ ಮಾಡಿದವರು ಬೆಂಗಳೂರಿನಲ್ಲಿ ಕೇಂದ್ರ ಇರುವ ಮದ್ರಾಸ್ ಸ್ಯಾಪರ್ಸ್ ಯೋಧರು. ನವೆಂಬರ್ 1ರಂದು ಆ ಎತ್ತರದಲ್ಲಿ ಟ್ಯಾಂಕ್ ಕಂಡ ಎದುರಾಳಿಗಳು ಕಕ್ಕಾಬಿಕ್ಕಿಯಾದರು. ಮಡಿಕೇರಿಯಲ್ಲಿ ತಿಮ್ಮಯ್ಯನವರ ಮನೆ ‘ಸನ್ನಿ ಸೈಡ್’ ಈಗ ಅವರ ಹೆಸರಿನ ವಸ್ತುಸಂಗ್ರಹಾಲಯ.

ಪ್ಲಾಸ್ಟಿಕ್ ಬಿಟ್ಟು ರೆಸಿನ್ ಏಕೆ?

ಕಾರಣ ದುಡ್ಡು. ಪಾಲಿಸ್ಟೈರೀನ್ ಭಾಗಗಳನ್ನು ಮಾಡಲು ಉಕ್ಕಿನ ಅಚ್ಚು ಬೇಕು. ಕರಗಿದ ಪ್ಲಾಸ್ಟಿಕ್ಕನ್ನು ಯಂತ್ರದ ಒತ್ತಡದಲ್ಲಿ ಅದಕ್ಕೆ ತುಂಬಬೇಕು. ಅಚ್ಚಿನ ಖರ್ಚು ದೊಡ್ಡದು, ಸಾವಿರಗಟ್ಟಲೆ ಕಿಟ್ ಮಾರಿದರೆ ಮಾತ್ರ ಗಿಟ್ಟುತ್ತದೆ. ರಿಕವರಿ ವಾಹನದಂಥ ಮಾಡೆಲ್ ಕೇಳುವವರು ಕಡಿಮೆ. ಹಾಗಾಗಿ ಸಣ್ಣ ತಯಾರಕರು ಸಿಲಿಕೋನ್ ರಬ್ಬರಿನ ಅಚ್ಚು ಮಾಡಿ, ಎರಡು ದ್ರವಗಳನ್ನು ಬೆರೆಸಿ ಅದರೊಳಗೆ ಹೊಯ್ಯುತ್ತಾರೆ. ಕೆಲವೇ ನಿಮಿಷಗಳಲ್ಲಿ ದ್ರವ ಗಟ್ಟಿಯಾಗುತ್ತದೆ. ರಬ್ಬರ್ ಅಚ್ಚು ಕೆಲವು ಡಜನ್ ಎರಕಗಳಿಗೆ ಸವೆದುಹೋಗುತ್ತದೆ, ಆದರೆ ಅಗ್ಗ.

ಈ ಎರಕದ ದ್ರವಕ್ಕೆ ಹೆಚ್ಚಾಗಿ ಬಳಸುವುದು ಪಾಲಿಯುರೆಥೇನ್. ಈಚೆಗೆ 3ಡಿ ಪ್ರಿಂಟರಿನಲ್ಲಿ ನೇರಳಾತೀತ ಬೆಳಕು ಬಿಟ್ಟು ಗಟ್ಟಿ ಮಾಡುವ ಇನ್ನೊಂದು ಬಗೆಯ ರೆಸಿನ್ನಿನ ಭಾಗಗಳೂ ಬರುತ್ತಿವೆ. ಎರಡರ ಗುಣ ಬೇರೆಬೇರೆ. ಆದರೆ ಒಂದು ಸೂತ್ರ ಎರಡಕ್ಕೂ ಒಪ್ಪುತ್ತದೆ: ದ್ರವವಾಗಿರುವಾಗ ಅಪಾಯ ಹೆಚ್ಚು, ಪೂರ್ತಿ ಗಟ್ಟಿಯಾದ ಮೇಲೆ ಕಡಿಮೆ, ಗಟ್ಟಿಯಾದದ್ದನ್ನು ಹುಡಿ ಮಾಡಿದರೆ ಅಥವಾ ಸುಟ್ಟರೆ ಮತ್ತೆ ಹೆಚ್ಚು.

‘ರೆಸಿನ್ನಿನಲ್ಲಿ ಭೋಪಾಲದ ವಿಷ’: ಅರ್ಧ ಹೆಸರು ನಿಜ, ಮಾತು ಸುಳ್ಳು

1984ರ ಡಿಸೆಂಬರ್ 2 ಮತ್ತು 3ರ ನಡುರಾತ್ರಿ ಭೋಪಾಲದ ಕೀಟನಾಶಕ ಕಾರ್ಖಾನೆಯಿಂದ ಸೋರಿದ್ದು ಮೀಥೈಲ್ ಐಸೋಸಯನೇಟ್. ಪಾಲಿಯುರೆಥೇನ್ ಮಾಡಲು ಬೆರೆಸುವ ಎರಡು ದ್ರವಗಳಲ್ಲಿ ಒಂದು ಐಸೋಸಯನೇಟ್ ಗುಂಪಿಗೆ ಸೇರಿದ್ದು. ಸಂದೇಶ ಬರೆದವರು ಈ ಹೆಸರಿನ ಹೋಲಿಕೆ ಹಿಡಿದು ಹೆದರಿಸಿದ್ದಾರೆ.

ಒಂದೇ ಮನೆತನದ ಹೆಸರಿದ್ದ ಮಾತ್ರಕ್ಕೆ ಗುಣವೂ ಒಂದೇ ಆಗುವುದಿಲ್ಲ. ಭೋಪಾಲದ ಮೀಥೈಲ್ ಐಸೋಸಯನೇಟ್ ಬಹಳ ಸಣ್ಣ ಅಣು. ಸುಮಾರು 39 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿದು ಆವಿಯಾಗುತ್ತದೆ. ರೆಸಿನ್ನಿಗೆ ಬಳಸುವ ಐಸೋಸಯನೇಟ್‌ಗಳು ದೊಡ್ಡ ಅಣುಗಳು, ಅಷ್ಟು ಸುಲಭವಾಗಿ ಗಾಳಿಗೆ ಏರುವುದಿಲ್ಲ. ಎರಡು ದ್ರವ ಸರಿಯಾದ ಪ್ರಮಾಣದಲ್ಲಿ ಬೆರೆತಾಗ ಅವು ಇನ್ನೊಂದು ದ್ರವದ ಜೊತೆ ಕೂಡಿ ಹೊಸ ವಸ್ತುವಾಗಿಬಿಡುತ್ತವೆ. ನಾವು ತಿನ್ನುವ ಉಪ್ಪಿನಲ್ಲಿ ಕ್ಲೋರಿನ್ ಇದೆ. ಕ್ಲೋರಿನ್ ಅನಿಲವನ್ನು ಯುದ್ಧದಲ್ಲಿ ವಿಷವಾಗಿ ಬಳಸಿದ್ದಾರೆ. ಹಾಗೆಂದು ಉಪ್ಪಿನ ಡಬ್ಬಿ ವಿಷಾನಿಲದ ಡಬ್ಬಿಯಲ್ಲ. ಇದೂ ಹಾಗೆಯೇ.

ಹಾಗಾದರೆ ಹೆದರಿಕೆ ಪೂರ್ತಿ ಸುಳ್ಳೇ? ಅದೂ ಅಲ್ಲ. ಮನೆಯಲ್ಲೇ ಎರಡು ದ್ರವ ಬೆರೆಸಿ ಎರಕ ಹೊಯ್ಯುವವರಿಗೆ ಐಸೋಸಯನೇಟ್ ನಿಜವಾದ ಅಪಾಯ. ಅದು ಅಸ್ತಮಾ ತರಿಸಬಲ್ಲದು. ಒಮ್ಮೆ ದೇಹಕ್ಕೆ ಅದರ ಅಲರ್ಜಿ ಹತ್ತಿದರೆ ಮುಂದೆ ಬಹಳ ಕಡಿಮೆ ಪ್ರಮಾಣಕ್ಕೂ ಉಸಿರುಗಟ್ಟಬಹುದು. ಪ್ರಿಂಟರಿನ ದ್ರವ ರೆಸಿನ್ ಚರ್ಮಕ್ಕೆ ತಾಗಿ ತಾಗಿ ಕಜ್ಜಿಯಂಥ ಅಲರ್ಜಿ ಎಬ್ಬಿಸುತ್ತದೆ. ಇವೆರಡೂ ಮಕ್ಕಳ ಕೈಗೆ ಕೊಡುವಂಥವಲ್ಲ. ಆದರೆ ಗಂಡಸಿಯ ಮನೆಯಲ್ಲಿರುವುದು ಎಂದೋ ಗಟ್ಟಿಯಾಗಿ ಪೊಟ್ಟಣ ಸೇರಿದ ಭಾಗಗಳು. ಅವನ್ನು ಕೈಯಲ್ಲಿ ಹಿಡಿದರೆ, ಕಪಾಟಿನಲ್ಲಿ ಇಟ್ಟರೆ ಏನೂ ಆಗುವುದಿಲ್ಲ. ನಾವು ಗಮನ ಕೊಡಬೇಕಾದ್ದು ಉಜ್ಜಿದಾಗ ಏಳುವ ಹುಡಿಗೆ.

ಧೂಳು ಎಲ್ಲಿಯವರೆಗೆ ಹೋಗುತ್ತದೆ?

ಒಂದು ಮಿಲಿಮೀಟರಿನಲ್ಲಿ ಸಾವಿರ ಮೈಕ್ರೋಮೀಟರ್. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರೋಮೀಟರ್. ಕಣ್ಣಿಗೆ ಕಾಣುವ ದಪ್ಪ ಹುಡಿ ಮೂಗಿನ ಕೂದಲು, ಸಿಂಬಳದಲ್ಲೇ ಸಿಕ್ಕಿಬೀಳುತ್ತದೆ. ಕೆಲಸ ಮುಗಿಸಿ ಮೂಗು ಸೀನಿದಾಗ ಕಾಣುವ ಬಿಳಿ ಅದೇ. 10 ಮೈಕ್ರೋಮೀಟರಿಗಿಂತ ಸಣ್ಣ ಕಣಗಳು ಶ್ವಾಸನಾಳಕ್ಕೆ ಇಳಿಯುತ್ತವೆ. ಸುಮಾರು 2.5 ಮೈಕ್ರೋಮೀಟರಿಗಿಂತ ಸಣ್ಣವು ಶ್ವಾಸಕೋಶದ ತುದಿಯ ಗಾಳಿಚೀಲಗಳವರೆಗೂ ಹೋಗಬಲ್ಲವು. ಅಂದರೆ ಬಿಸಿಲುಕೋಲಿನಲ್ಲಿ ತೇಲುವುದು ಕಾಣುವ ಹುಡಿಗಿಂತ ಕಾಣದ ಹುಡಿಯೇ ಹೆಚ್ಚು ಒಳಗೆ ಹೋಗುತ್ತದೆ.

ದೇಹ ಸುಮ್ಮನೆ ಕೂರುವುದಿಲ್ಲ. ಶ್ವಾಸನಾಳದ ಒಳಗೋಡೆಯಲ್ಲಿ ಲೋಳೆ ಇದೆ, ಅದರಡಿ ಸೂಕ್ಷ್ಮ ರೋಮಗಳಿವೆ. ಅವು ಸದಾ ಮೇಲ್ಮುಖವಾಗಿ ಬೀಸುತ್ತ ಧೂಳು ಹಿಡಿದ ಲೋಳೆಯನ್ನು ಗಂಟಲಿಗೆ ತಳ್ಳುತ್ತವೆ. ನಾವು ಅದನ್ನು ಕೆಮ್ಮಿ ಉಗುಳುತ್ತೇವೆ ಅಥವಾ ಗೊತ್ತಿಲ್ಲದೆ ನುಂಗುತ್ತೇವೆ. ಅದರಾಚೆ ಗಾಳಿಚೀಲಕ್ಕೆ ಹೋದ ಕಣಗಳನ್ನು ಮ್ಯಾಕ್ರೋಫೇಜ್ ಎಂಬ ಕಾವಲು ಕೋಶಗಳು ನುಂಗುತ್ತವೆ. ಕಣ ಕರಗದ ಜಾತಿಯದಾದರೆ, ದಿನವೂ ಬರುತ್ತಲೇ ಇದ್ದರೆ, ಈ ಕಾವಲುಗಾರರೇ ಸೋತುಹೋಗುತ್ತಾರೆ. ಅಲ್ಲಿ ಉರಿಯೂತ ಎದ್ದು ಗಾಯದ ಕಲೆಯಂಥ ಗಟ್ಟಿ ನಾರು ಬೆಳೆಯುತ್ತದೆ.

ಇದರ ಅತಿ ಕೆಟ್ಟ ರೂಪ ಸಿಲಿಕೋಸಿಸ್. ಕಲ್ಲಿನಲ್ಲಿರುವ ಸಿಲಿಕಾ ಹರಳಿನ ಧೂಳಿನಿಂದ ಬರುವ ಕಾಯಿಲೆ. ಬಿಇಎಂಎಲ್ ಇರುವ ಅದೇ ಕೆಜಿಎಫ್‌ನ ಚಿನ್ನದ ಗಣಿಗಳಲ್ಲಿ ದುಡಿದವರನ್ನು ಕಾಡಿದ್ದು ಇದು. ಗಟ್ಟಿಯಾದ ಶ್ವಾಸಕೋಶವನ್ನು ಮತ್ತೆ ಮೊದಲಿನಂತೆ ಮಾಡುವ ಔಷಧ ಇಂದಿಗೂ ಇಲ್ಲ. ರೆಸಿನ್ ಕಲ್ಲಲ್ಲ. ವಾರಕ್ಕೆ ಒಂದೆರಡು ಗಂಟೆ ಮಾಡೆಲ್ ಉಜ್ಜುವ ಹುಡುಗನನ್ನು ಗಣಿ ಕಾರ್ಮಿಕನ ಜೊತೆ ಹೋಲಿಸುವುದೂ ಸರಿಯಲ್ಲ. ಆದರೂ ರೆಸಿನ್ ಹುಡಿ ಗಂಟಲು ಕೆರೆಸುತ್ತದೆ, ಅಸ್ತಮಾ ಇರುವವರಿಗೆ ಉಬ್ಬಸ ಕೆರಳಿಸುತ್ತದೆ. ಕೆಲವು ರೆಸಿನ್‌ಗಳಲ್ಲಿ ಬೇರೆ ಖನಿಜದ ಪುಡಿಯನ್ನೂ ಬೆರೆಸಿರುತ್ತಾರೆ. ತಡೆಯುವುದು ಇಷ್ಟು ಸುಲಭವಿರುವಾಗ ಉಸಿರಿಗೆ ಎಳೆದುಕೊಳ್ಳುವುದು ಏಕೆ?

ಬೆಲ್ಲ ಏಕೆ ಕೆಲಸ ಮಾಡುವುದಿಲ್ಲ?

ಬೆಲ್ಲದ ಮಾತು ಹೊಸದಲ್ಲ. ಗಣಿ, ಸಿಮೆಂಟ್, ಕಲ್ಲು ಕ್ವಾರಿ, ಹತ್ತಿ ಗಿರಣಿ, ಎಲ್ಲೆಲ್ಲಿ ಧೂಳಿದೆಯೋ ಅಲ್ಲೆಲ್ಲ ಇದು ದೇಶದುದ್ದಕ್ಕೂ ಇರುವ ನಂಬಿಕೆ. ಕೆಲವೆಡೆ ಬೆಲ್ಲದ ಬದಲು ಬಾಳೆಹಣ್ಣು.

ಮೊದಲ ತೊಡಕು ದಾರಿಯದು. ನಾವು ತಿಂದದ್ದು ಅನ್ನನಾಳದಲ್ಲಿ ಹೊಟ್ಟೆಗೆ ಹೋಗುತ್ತದೆ. ಧೂಳು ಕೂತಿರುವುದು ಶ್ವಾಸನಾಳದಾಚೆ. ಗಂಟಲಿನಿಂದ ಕೆಳಗೆ ಎರಡೂ ಬೇರೆ ಕೊಳವೆಗಳು. ಒಂದರಲ್ಲಿ ಹೋದದ್ದು ಇನ್ನೊಂದನ್ನು ತೊಳೆಯಲಾರದು. ಬೆಲ್ಲ ಅಪ್ಪಿತಪ್ಪಿ ಶ್ವಾಸನಾಳಕ್ಕೆ ಹೋದರೆ ನೆತ್ತಿಗೇರಿ ಕೆಮ್ಮು ಬರುತ್ತದೆ, ಶುದ್ಧಿಯಾಗುವುದಿಲ್ಲ. ಬೆಲ್ಲ ಬಾಯಲ್ಲಿ ಕರಗಿದಾಗ ಜೊಲ್ಲು ಹೆಚ್ಚಿ, ಒಣಗಿದ ಗಂಟಲು ತಂಪಾಗುತ್ತದೆ. ಗಂಟಲಿನಲ್ಲಿ ಅಂಟಿದ ಹುಡಿ ಕೆಳಗಿಳಿಯುತ್ತದೆ. ಈ ಹಿತವನ್ನೇ ಜನ ಶ್ವಾಸಕೋಶದ ಶುದ್ಧಿ ಎಂದುಕೊಂಡಿರಬೇಕು. ಒಂದು ಲೋಟ ನೀರೂ ಅದನ್ನೇ ಮಾಡುತ್ತದೆ.

‘ಇದಕ್ಕೆ ಸಂಶೋಧನೆ ಇದೆ’ ಎಂದು ಕೆಲವು ಸಂದೇಶಗಳು ಹೇಳುತ್ತವೆ. ಇದೆ, ನಿಜ. ಲಖನೌದ ಕೈಗಾರಿಕಾ ವಿಷಶಾಸ್ತ್ರ ಸಂಶೋಧನಾ ಕೇಂದ್ರದ ವಿಜ್ಞಾನಿಗಳು 1994ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಇಲಿಗಳ ಶ್ವಾಸಕೋಶಕ್ಕೆ ಧೂಳು ಸೇರಿಸಿ, ಕೆಲವಕ್ಕೆ ಬೆಲ್ಲ ಕೊಟ್ಟರು. ಬೆಲ್ಲ ತಿಂದ ಇಲಿಗಳಲ್ಲಿ ಕಣಗಳು ಶ್ವಾಸಕೋಶದಿಂದ ಹತ್ತಿರದ ದುಗ್ಧಗ್ರಂಥಿಗಳತ್ತ ಹೆಚ್ಚು ಸಾಗಿದ್ದು ಕಂಡಿತು. ಕುತೂಹಲದ ಫಲಿತಾಂಶವೇ. ಆದರೆ ಅದು ಇಲಿಗಳ ಮೇಲೆ ಮಾಡಿದ್ದು. ಕಣಗಳು ದೇಹದಿಂದ ಹೊರಗೆ ಹೋದವು ಎಂದೂ ಅದು ಹೇಳುವುದಿಲ್ಲ, ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಸರಿದವು ಎನ್ನುತ್ತದೆ. ಇಲಿಯಲ್ಲಿ ಕಂಡದ್ದು ಮನುಷ್ಯರಲ್ಲೂ ಆಗುತ್ತದೆಯೇ ಎಂದು ತಿಳಿಯಲು ಮನುಷ್ಯರಲ್ಲೇ ಪರೀಕ್ಷೆ ಆಗಬೇಕು. ಆ ಒಂದು ಕಾಗದ ಹಿಡಿದು ಮಾಸ್ಕ್ ಬಿಚ್ಚುವುದು ಜಾಣತನವಲ್ಲ.

ನಾವು ಈ ಮಾತಿಗೆ ಇಷ್ಟು ಜಾಗ ಕೊಡಲು ಕಾರಣ ಗಂಡಸಿಯ ಹುಡುಗನೊಬ್ಬನೇ ಅಲ್ಲ. ಅವನು ಇಂದು ಉಜ್ಜಿ ನಾಳೆ ಬಿಡುತ್ತಾನೆ. ಆದರೆ ಕಲ್ಲು ಕೊಯ್ಯುವವರು, ಗ್ರಾನೈಟ್ ಪಾಲಿಶ್ ಮಾಡುವವರು, ವಿಗ್ರಹ ಕೆತ್ತುವವರು, ತೆಂಗಿನ ನಾರಿನ ಘಟಕದಲ್ಲಿ ದುಡಿಯುವವರು ದಿನಕ್ಕೆ ಎಂಟು ಗಂಟೆ ಧೂಳಿನಲ್ಲಿರುತ್ತಾರೆ. ಬೇಲೂರು, ಹಳೇಬೀಡಿನ ದೇವಾಲಯಗಳ ಶಿಲ್ಪಿಗಳು ಕೆತ್ತಿದ್ದು ಮೆದುವಾದ ಬಳಪದ ಕಲ್ಲನ್ನು, ಉಳಿ ಸುತ್ತಿಗೆಯಿಂದ. ಇಂದಿನವರ ಕೈಯಲ್ಲಿ ವಿದ್ಯುತ್ ಗ್ರೈಂಡರ್ ಇದೆ. ಅದು ನಿಮಿಷದಲ್ಲಿ ಎಬ್ಬಿಸುವ ಸಣ್ಣ ಧೂಳನ್ನು ಉಳಿ ದಿನವಿಡೀ ಎಬ್ಬಿಸಲಾರದು. ಅಂಥವರಿಗೆ ಬೆಲ್ಲ ಕೊಟ್ಟು, ನೀರು ಚಿಮುಕಿಸುವ ವ್ಯವಸ್ಥೆಯನ್ನೂ ಮಾಸ್ಕನ್ನೂ ಕೊಡದಿದ್ದರೆ, ಆ ಬೆಲ್ಲ ಸಿಹಿಯಾದ ಮೋಸ. ಜೊತೆಗೆ ಸಕ್ಕರೆ ಕಾಯಿಲೆ ಇರುವವರಿಗೆ ಬೆಲ್ಲವೂ ಸಕ್ಕರೆಯೇ ಎಂಬುದನ್ನು ಮರೆಯಬಾರದು.

ಯಾವ ಮಾಸ್ಕ್? ಒದ್ದೆ ಟವೆಲ್ ಸಾಕೇ?

ಧೂಳಿಗೆ ಮೊದಲ ಮದ್ದು ನೀರು. ಉಪ್ಪುಕಾಗದ ಎಂದು ನಾವು ಕರೆಯುವುದರಲ್ಲಿ ನೀರಿನಲ್ಲಿ ಉಜ್ಜಲೆಂದೇ ಬರುವ ಕಪ್ಪು ಬಗೆ ಇದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ವಾಟರ್ ಪೇಪರ್ ಎಂದು ಕೇಳಿದರೆ ಕೊಡುತ್ತಾರೆ. ಒಂದು ಬಟ್ಟಲು ನೀರಿನಲ್ಲಿ ಅದ್ದಿ ಅದ್ದಿ ಉಜ್ಜಿದರೆ ಹುಡಿ ಗಾಳಿಗೆ ಏಳದೆ ಕೆಸರಾಗಿ ನೀರಿನಲ್ಲೇ ಉಳಿಯುತ್ತದೆ. ಕೆಲಸವೂ ನುಣುಪಾಗಿ ಬರುತ್ತದೆ. ಆ ಕೆಸರು ನೀರನ್ನು ಹಳೆಯ ಬಟ್ಟೆಯಲ್ಲಿ ಸೋಸಿ, ಬಟ್ಟೆಯನ್ನು ಕಸಕ್ಕೆ ಹಾಕಿ.

ಗರಗಸ ಆಡಿಸುವಾಗ, ಒಣದಾಗಿ ಕೊಯ್ಯುವಾಗ ಎನ್95 ಮಾಸ್ಕ್ ಬೇಕು. ಒದ್ದೆ ಟವೆಲ್, ಕರವಸ್ತ್ರ ದಪ್ಪ ಹುಡಿಯನ್ನು ತಡೆಯುತ್ತವೆ. ಅಪಾಯದ ಸಣ್ಣ ಕಣ ಅಂಚಿನಿಂದಲೂ ನೂಲಿನ ಸಂದಿನಿಂದಲೂ ನುಗ್ಗುತ್ತದೆ. ಆಸ್ಪತ್ರೆಯ ನೀಲಿ ಮಾಸ್ಕಿನ ಕೆನ್ನೆಯ ಬದಿ ತೆರೆದೇ ಇರುತ್ತದೆ. ಗಡ್ಡ ದಟ್ಟವಾಗಿದ್ದರೆ ಎನ್95 ಕೂಡ ಸರಿಯಾಗಿ ಕೂರುವುದಿಲ್ಲ. ಇನ್ನೊಂದು ಮುಖ್ಯ ಮಾತು: ಎನ್95 ತಡೆಯುವುದು ಕಣಗಳನ್ನು, ಆವಿಯನ್ನಲ್ಲ. ಥಿನ್ನರ್ ವಾಸನೆಗೆ, ದ್ರವ ರೆಸಿನ್ನಿನ ಆವಿಗೆ ಅದು ಉಪಯೋಗವಿಲ್ಲ. ಅದಕ್ಕೆ ತೆರೆದ ಗಾಳಿ ಬೇಕು ಅಥವಾ ಇದ್ದಿಲಿನ ಫಿಲ್ಟರ್ ಇರುವ ಬೇರೆ ಬಗೆಯ ಮಾಸ್ಕ್ ಬೇಕು.

ಸೂಪರ್ ಗ್ಲೂ, ಸೋಡಾ ಮತ್ತು ಹತ್ತಿ

ಮಾಡೆಲ್ ಅಂಗಡಿಯ ಸಾಮಾನ್ಯ ಅಂಟು ಪಾಲಿಸ್ಟೈರೀನನ್ನು ಸ್ವಲ್ಪ ಕರಗಿಸಿ ಬೆಸೆಯುತ್ತದೆ. ರೆಸಿನ್ ಅದರಲ್ಲಿ ಕರಗುವುದಿಲ್ಲ. ಆದ್ದರಿಂದ ರೆಸಿನ್ ಭಾಗ ಕೂಡಿಸಲು ಸೂಪರ್ ಗ್ಲೂ ಅಥವಾ ಎರಡು ಟ್ಯೂಬಿನ ಎಪಾಕ್ಸಿ ಬೇಕು. ನಮ್ಮಲ್ಲಿ ಬಹಳ ಜನ ಫೆವಿಕ್ವಿಕ್ ಎಂದೇ ಕರೆಯುವ ಸೂಪರ್ ಗ್ಲೂವಿನ ರಾಸಾಯನಿಕ ಹೆಸರು ಸಯನೋಅಕ್ರಿಲೇಟ್. ಹೆಸರಿನಲ್ಲಿ ಸಯನೋ ಇದ್ದರೂ ಅದು ಸಯನೈಡ್ ವಿಷವಲ್ಲ.

ಇದು ಒಣಗಿ ಗಟ್ಟಿಯಾಗುವ ಅಂಟಲ್ಲ. ಗಾಳಿಯಲ್ಲಿ, ಚರ್ಮದಲ್ಲಿ ಇರುವ ತೇವ ತಾಗಿದ ಕೂಡಲೇ ಅಣುಗಳು ಸರಪಳಿಯಂತೆ ಕೊಂಡಿ ಹಾಕಿಕೊಳ್ಳುತ್ತವೆ. ಬೆರಳು ತಕ್ಷಣ ಅಂಟುವುದು ಇದಕ್ಕೇ. ಅಡುಗೆ ಸೋಡಾ ಕ್ಷಾರ. ಅದು ಈ ಕೊಂಡಿ ಹಾಕುವ ಕೆಲಸವನ್ನು ಕ್ಷಣದಲ್ಲಿ ಮುಗಿಸುತ್ತದೆ. ಮಾಡೆಲ್ ಮಾಡುವವರು ಸಂದು ತುಂಬಲು ಇದನ್ನು ಬಳಸುವುದೂ ಹೌದು. ವಿಡಿಯೊ ಅಷ್ಟರಮಟ್ಟಿಗೆ ನಿಜ. ಆದರೆ ಅಷ್ಟು ವೇಗವಾಗಿ ಗಟ್ಟಿಯಾಗುವಾಗ ಬಿಸಿ ಹುಟ್ಟುತ್ತದೆ, ಕಣ್ಣು ಮೂಗು ಉರಿಸುವ ಹೊಗೆ ಏಳುತ್ತದೆ. ಚಿಟಿಕೆಯಷ್ಟು ಸೋಡಾಗೆ ಒಂದು ಹನಿ ಗ್ಲೂ ಬೇರೆ, ವಿಡಿಯೊದಲ್ಲಿ ತೋರಿಸುವಂತೆ ಟ್ಯೂಬನ್ನೇ ಸುರಿಯುವುದು ಬೇರೆ. ಮುರಿದ ಕುರ್ಚಿ ಕಾಲು, ಗ್ಯಾಸ್ ಪೈಪು, ವಿದ್ಯುತ್ ಸಾಮಾನುಗಳಿಗೆ ಇದು ದುರಸ್ತಿಯೇ ಅಲ್ಲ.

ಹತ್ತಿಯಿಂದ ಇನ್ನೂ ದೂರವಿಡಿ. ಚೆಲ್ಲಿದ ಗ್ಲೂವನ್ನು ಹತ್ತಿ ಅಥವಾ ಹತ್ತಿಬಟ್ಟೆಯಲ್ಲಿ ಒರೆಸಿದರೆ ಅದು ಚರ್ಮ ಸುಡುವಷ್ಟು ಬಿಸಿಯಾಗಬಹುದು. ತೊಟ್ಟ ಹತ್ತಿ ಬಟ್ಟೆಯ ಮೇಲೆ ಚೆಲ್ಲಿದರೆ ಕೂಡಲೇ ಬಟ್ಟೆಯನ್ನು ಮೈಯಿಂದ ದೂರ ಹಿಡಿದು ನೀರು ಹಾಕಿ.

ಬೆರಳು ಅಂಟಿಕೊಂಡರೆ ಎಳೆದು ಕೀಳಬೇಡಿ. ಬೆಚ್ಚಗಿನ ಸೋಪುನೀರಿನಲ್ಲಿ ನೆನೆಸಿ ನಿಧಾನವಾಗಿ ಉರುಳಿಸಿ ಬಿಡಿಸಿ. ಉಗುರು ಬಣ್ಣ ತೆಗೆಯುವ ಅಸಿಟೋನ್ ಚರ್ಮಕ್ಕೆ ಮಾತ್ರ, ಕಣ್ಣು ಬಾಯಿಯ ಹತ್ತಿರ ಬೇಡ. ಕಣ್ಣಿಗೆ ಬಿದ್ದರೆ ರೆಪ್ಪೆ ಬಿಡಿಸಲು ಹೋಗಬೇಡಿ. ಶುದ್ಧ ನೀರು ಹರಿಸಿ ತೊಳೆಯುತ್ತ, ಕೂಡಲೇ ಕಣ್ಣಿನ ವೈದ್ಯರ ಹತ್ತಿರ ಹೋಗಿ. ಗ್ಲೂ ಟ್ಯೂಬನ್ನು ಕಣ್ಣಿನ ಹನಿಮದ್ದು ಇಡುವ ಜಾಗದಲ್ಲಿ ಎಂದೂ ಇಡಬೇಡಿ. ಎರಡೂ ಒಂದೇ ಗಾತ್ರದ ಟ್ಯೂಬು, ಅದಲುಬದಲಾಗಿ ಅನಾಹುತವಾದದ್ದುಂಟು.

ಬಣ್ಣದ ವಾಸನೆಗೆ ಹಾಲು?

ಬಣ್ಣ ಬಳಿದ ದಿನ ಹಾಲು ಕುಡಿದರೆ ವಿಷ ಇಳಿಯುತ್ತದೆ ಎಂಬುದೂ ಬೆಲ್ಲದ ತಮ್ಮನಂಥ ನಂಬಿಕೆ. ಥಿನ್ನರಿನ ಆವಿ ಶ್ವಾಸಕೋಶದಿಂದ ನೇರ ರಕ್ತಕ್ಕೆ ಸೇರುತ್ತದೆ. ಹಾಲು ಹೊಟ್ಟೆಯಲ್ಲಿರುತ್ತದೆ. ಎರಡೂ ಒಂದಕ್ಕೊಂದು ಎದುರಾಗುವುದೇ ಇಲ್ಲ. ತಲೆ ಸುತ್ತಿದರೆ ಬೇಕಾದ್ದು ಹೊರಗಿನ ಗಾಳಿ. ಮಕ್ಕಳು ಥಿನ್ನರ್ ನುಂಗಿಬಿಟ್ಟರೆ ಹಾಲು, ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ವಾಂತಿಯಲ್ಲಿ ಥಿನ್ನರ್ ಶ್ವಾಸಕೋಶಕ್ಕೆ ಹೋದರೆ ಅದು ಹೊಟ್ಟೆಯಲ್ಲಿದ್ದುದಕ್ಕಿಂತ ಕೇಡು. 108ಕ್ಕೆ ಕರೆ ಮಾಡಿ, ಡಬ್ಬಿಯನ್ನೂ ಆಸ್ಪತ್ರೆಗೆ ಒಯ್ಯಿರಿ.

ಒಲೆಗೆ ಹಾಕಬೇಡಿ: ಇದೇ ಮುಖ್ಯ ಮಾತು

ನಮ್ಮ ತೆಂಗಿನ ಸೀಮೆಯ ಮನೆಗಳಲ್ಲಿ ಬಚ್ಚಲ ಒಲೆಗೆ ಗರಿ, ಮಟ್ಟೆ, ಚಿಪ್ಪಿನ ಜೊತೆ ಬೇಡದ ಪ್ಲಾಸ್ಟಿಕ್ಕೂ ಹೋಗುವುದುಂಟು. ರೆಸಿನ್ ಚೂರುಗಳ ವಿಷಯದಲ್ಲಿ ಇದು ಬಲು ಕೆಟ್ಟ ಅಭ್ಯಾಸ. ಪಾಲಿಯುರೆಥೇನ್ ಉರಿದಾಗ ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಜನ್ ಸಯನೈಡ್ ಎಂಬ ವಿಷಾನಿಲಗಳು ಬರುತ್ತವೆ. ಬಿಸಿ ಏರಿದಾಗ ಗಟ್ಟಿಯಾಗಿದ್ದ ರೆಸಿನ್ ಒಡೆದು ಐಸೋಸಯನೇಟನ್ನೂ ಮತ್ತೆ ಹೊರಬಿಡಬಲ್ಲದು. ಅಂದರೆ ಭೋಪಾಲದ ವಿಷವಿದೆ, ಸುಟ್ಟುಬಿಡಿ ಎಂದ ಸಂದೇಶದ ಮಾತು ಕೇಳಿ ಸುಟ್ಟರೆ, ಇಲ್ಲದ ಅಪಾಯವನ್ನು ನಾವೇ ಸೃಷ್ಟಿಸಿಕೊಂಡಂತೆ. ಅದೂ ಕಿಟಕಿ ಸಣ್ಣದಿರುವ ಬಚ್ಚಲಿನಲ್ಲಿ, ನೀರು ಕಾಯಿಸುವ ಹೆಂಗಸರ, ಸ್ನಾನಕ್ಕೆ ಕೂತ ಮಕ್ಕಳ ಮುಖಕ್ಕೆ.

ಸೊಟ್ಟಗಾದ ರೆಸಿನ್ ಭಾಗವನ್ನು ನೇರ ಮಾಡಲೂ ಮೇಣದಬತ್ತಿ, ಲೈಟರ್ ಬೇಡ. ಬಿಸಿನೀರು ಸಾಕು. ನೀರು 100 ಡಿಗ್ರಿ ದಾಟುವುದಿಲ್ಲ, ಆ ಬಿಸಿಗೆ ರೆಸಿನ್ ಮೆದುವಾಗುತ್ತದೆಯೇ ಹೊರತು ಒಡೆಯುವುದಿಲ್ಲ. ಚೂರುಪಾರುಗಳನ್ನು ಚೀಲದಲ್ಲಿ ಕಟ್ಟಿ ಒಣ ಕಸಕ್ಕೆ ಕೊಡಿ. ಪ್ರಿಂಟರಿನ ದ್ರವ ರೆಸಿನ್ ಉಳಿದರೆ ಚರಂಡಿಗೆ ಚೆಲ್ಲದೆ, ಮಕ್ಕಳು ದನಕರು ಮುಟ್ಟದ ಜಾಗದಲ್ಲಿ ಬಿಸಿಲಿಗಿಟ್ಟು ಪೂರ್ತಿ ಗಟ್ಟಿಯಾದ ಮೇಲೆ ಕಸಕ್ಕೆ ಹಾಕಿ.

ಹಾಗಾದರೆ ಮಾಡೆಲ್ ಕಟ್ಟುವುದು ಹೇಗೆ?

1. ರೆಸಿನ್ ಭಾಗಗಳನ್ನು ಸೋಪುನೀರಿನಲ್ಲಿ ತೊಳೆದು ಒಣಗಿಸಿ. ಅಚ್ಚಿನಿಂದ ಬಿಡಿಸಲು ಸವರಿದ ಜಿಡ್ಡು ಹೋಗದಿದ್ದರೆ ಅಂಟೂ ಹಿಡಿಯದು, ಬಣ್ಣವೂ ನಿಲ್ಲದು.

2. ಕೊಯ್ಯುವ ಮೊದಲು ಪ್ಲಾಸ್ಟಿಕ್ ಒಡಲಿನ ಮೇಲಿಟ್ಟು ನೋಡಿ. ರೆಸಿನ್ ಗಟ್ಟಿಯಾಗುವಾಗ ಕೊಂಚ ಕುಗ್ಗುತ್ತದೆ, ಕೂದಲೆಳೆಯ ವ್ಯತ್ಯಾಸ ಸಹಜ.

3. ಎರಕ ಹೊಯ್ದ ಕಡೆ ಉಳಿದ ದಪ್ಪ ಗಟ್ಟಿಯನ್ನು ಎನ್95 ತೊಟ್ಟು, ಮನೆಯ ಹೊರಗೆ ಅಥವಾ ಕಿಟಕಿ ಬಳಿ ಸಣ್ಣ ಗರಗಸದಲ್ಲಿ ಕೊಯ್ಯಿರಿ. ಚಾಕು ಒತ್ತಿದರೆ ರೆಸಿನ್ ಸಿಡಿಯುತ್ತದೆ, ಕಣ್ಣಿಗೆ ಕನ್ನಡಕ ಇರಲಿ.

4. ಉಜ್ಜುವುದೆಲ್ಲ ನೀರಿನಲ್ಲಿ. ಊಟದ ತಟ್ಟೆ ಲೋಟ ಹತ್ತಿರ ಬೇಡ. ಮುಗಿದ ಮೇಲೆ ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಪೊರಕೆ ಕೂತ ಧೂಳನ್ನು ಮತ್ತೆ ಎಬ್ಬಿಸುತ್ತದೆ.

5. ಚಿಕ್ಕ ಭಾಗಕ್ಕೆ ಸೂಪರ್ ಗ್ಲೂ ಒಂದು ಹನಿ, ಭಾರದ ಭಾಗಕ್ಕೆ ಎಪಾಕ್ಸಿ.

6. ಬಣ್ಣಕ್ಕೆ ನೀರಿನಲ್ಲಿ ಕದಡುವ ಅಕ್ರಿಲಿಕ್ ಮೊದಲ ಆಯ್ಕೆ. ಥಿನ್ನರ್ ಬಳಸಿದರೆ ಒಲೆ, ದೀಪ, ಬೀಡಿ ಸಿಗರೇಟಿನಿಂದ ದೂರ.

ಅಸ್ತಮಾ ಇರುವವರು, ಗರ್ಭಿಣಿಯರು, ಪುಟ್ಟ ಮಕ್ಕಳು ಕೊಯ್ಯುವ ಉಜ್ಜುವ ಜಾಗದಿಂದ ದೂರವಿರಲಿ. ಕೆಲಸದ ನಂತರ ಕೆಮ್ಮು, ಎದೆ ಬಿಗಿತ, ಉಬ್ಬಸ ಪದೇಪದೇ ಬಂದರೆ ಕೆಲಸ ನಿಲ್ಲಿಸಿ ವೈದ್ಯರಿಗೆ ತೋರಿಸಿ, ಏನನ್ನು ಉಜ್ಜುತ್ತಿದ್ದಿರಿ ಎಂಬುದನ್ನೂ ಹೇಳಿ.

ಫಾರ್ವರ್ಡ್ ಮಾಡುವುದಿದ್ದರೆ ಇದನ್ನು ಮಾಡಿ

ಬೆಲ್ಲ ತಿಂದರೆ ಶ್ವಾಸಕೋಶದ ಧೂಳು ಹೋಗುತ್ತದೆ: ಸುಳ್ಳು. ನೀರಿನಲ್ಲಿ ಉಜ್ಜಿ, ಎನ್95 ತೊಡಿ.

ಗಟ್ಟಿಯಾದ ರೆಸಿನ್ನಿನಲ್ಲಿ ಭೋಪಾಲದ ವಿಷವಿದೆ: ಸುಳ್ಳು. ಆದರೆ ಅದನ್ನು ಸುಟ್ಟರೆ ವಿಷದ ಹೊಗೆ ಬರುವುದು ನಿಜ.

ಸೂಪರ್ ಗ್ಲೂಗೆ ಸೋಡಾ ಹಾಕಿದರೆ ಕಲ್ಲಾಗುತ್ತದೆ: ನಿಜ. ಮಕ್ಕಳು ಮಾಡಬಹುದು ಎಂಬುದು ಸುಳ್ಳು.

ಬಣ್ಣದ ವಾಸನೆಗೆ ಹಾಲು ಮದ್ದು: ಸುಳ್ಳು. ಕಿಟಕಿ ತೆಗೆಯಿರಿ.

ನಿಮ್ಮ ಮನೆಯಲ್ಲಿ ಟ್ಯಾಂಕ್ ಮಾಡೆಲ್ ಕಟ್ಟುವವರು ಇಲ್ಲದಿರಬಹುದು. ಆದರೆ ಕಲ್ಲು, ಸಿಮೆಂಟ್, ಮರ, ನಾರಿನ ಧೂಳಿನಲ್ಲಿ ದುಡಿಯುವ ಒಬ್ಬರಾದರೂ ನಿಮ್ಮ ಫೋನಿನ ಗುಂಪಿನಲ್ಲಿ ಇದ್ದೇ ಇರುತ್ತಾರೆ. ಬೆಲ್ಲದ ಸಂದೇಶ ಅವರನ್ನು ಮುಟ್ಟುವ ಮೊದಲು ಮಾಸ್ಕಿನ ಸಂದೇಶ ಮುಟ್ಟಲಿ.